ಗತಕಾಲವೂ ಚರಿತ್ರಕಾರನೂ

ಚರಿತ್ರಕಾರನು ಗತಕಾಲವನ್ನೇ ಮಾರ್ಪಡಿಸುವನೋ, ಅಥವಾ ಅದಕ್ಕೆ ಹೊಸ ಅರ್ಥವನ್ನು ಮಾತ್ರ ಹೇಳುವನೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ‘ಚರಿತ್ರೆ’ ಎಂಬ ಒಂದೇ ಶಬ್ದವು ನಡೆದ ಸಂಗತಿಗೂ ಅದರ ನಿರೂಪಣಕ್ಕೂ ಸಲ್ಲುವುದರಿಂದ ಈ ವಿಷಯದಲ್ಲಿ ಭ್ರಾಂತಿಗೆ ಎಡೆಯುಂಟು. ಅಶೋಕನ ಶಾಸನಗಳ ಶೋಧನೆಯ ವೃತ್ತಾಂತವನ್ನು ಪರಿಶೀಲಿಸಿದರೆ ಇವೆರಡರ ಭೇದವು ಸ್ಪಷ್ಟವಾಗುತ್ತದೆ.

೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ದೆಹಲಿಯ ಸ್ತಂಭದ ಬ್ರಾಹ್ಮೀ ಲಿಪಿಯನ್ನು ಓದಿದನು. ಅದರಲ್ಲಿ ಅರಸನನ್ನು ‘ದೇವಾನಂಪಿಯ ಪಿಯದಸಿ’ ಎಂದು ಮಾತ್ರ ಕರೆದಿದ್ದಿತು. ಸಿಂಹಳದಲ್ಲಿ ದೇವಾನಂಪಿಯ ತಿಸ್ಸನೆಂಬ ದೊರೆಯಿದ್ದುದರಿಂದ ಶಾಸನವು ಅವನದೇ ಇರಬೇಕೆಂದು ಪ್ರಿನ್ಸೆಪ್ಪನು ಮೊದಲು ಊಹಿಸಿದನು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರನು ಅದೇ ವರ್ಷ, ದೀಪವಂಸದ ಆಧಾರದಿಂದ, ‘ಪಿಯದಸ್ಸಿ’ ಎಂಬುದು ಚಂದ್ರಗುಪ್ತನ ಮೊಮ್ಮಗನಾದ ಅಶೋಕನ ಹೆಸರೆಂದು ತೋರಿಸಿದನು. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ‘ಅಶೋಕ’ ಎಂಬ ಅಂಕಿತನಾಮವೇ ಕಂಡುಬಂದು, ಆ ನಿರ್ಣಯವು ಸ್ಥಿರವಾಯಿತು.

ಈ ೭೮ ವರ್ಷಗಳಲ್ಲಿ ಬದಲಾದುದು ವಿದ್ವಾಂಸರ ತಿಳಿವಳಿಕೆ. ಶಿಲೆಯ ಅಕ್ಷರವಾಗಲಿ, ಅದನ್ನು ಬರೆಯಿಸಿದವನಾಗಲಿ ಬದಲಾಗಲಿಲ್ಲ. ಗತಕಾಲವು ಚರಿತ್ರಕಾರನ ಕೈವಶವಾಗಿದ್ದ ಪಕ್ಷದಲ್ಲಿ ಪ್ರಿನ್ಸೆಪ್ಪನ ಮೊದಲ ಊಹೆಯನ್ನು ತಪ್ಪೆನ್ನುವುದಕ್ಕೆ ಆಧಾರವೇ ಇರುತ್ತಿರಲಿಲ್ಲ. ಅಂದಿಗೆ ತಿಸ್ಸ, ಇಂದಿಗೆ ಅಶೋಕ ಎಂದು ಹೇಳಿ ಸುಮ್ಮನಾಗಬೇಕಾಗುತ್ತಿತ್ತು.

ಹಾಗೆಂದು ಚರಿತ್ರಕಾರನ ಕಾರ್ಯವೆಲ್ಲವೂ ವ್ಯಾಖ್ಯಾನವೆಂದೂ ಹೇಳಲಾಗದು. ಬರೆಯಿಸಿದವನು ಯಾರೆಂಬುದು ನಿರ್ಣಯ. ಅವನ ಅಭಿಪ್ರಾಯವೇನೆಂಬುದು ವ್ಯಾಖ್ಯಾನ. ಕಳಿಂಗ ಯುದ್ಧದಲ್ಲಿ ೧ ಲಕ್ಷ ಜನರು ಹತರಾದರೆಂದೂ ೧½ ಲಕ್ಷ ಜನರನ್ನು ಸೆರೆಯೊಯ್ದರೆಂದೂ ಅಶೋಕನೇ ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಪಶ್ಚಾತ್ತಾಪದಿಂದ ಹೇಳಿಕೊಂಡಿದ್ದಾನೆ. ಆದರೆ ಕಳಿಂಗದೇಶದಲ್ಲಿಯೇ ಇರುವ ಧೌಲಿ, ಜೌಗಡಗಳಲ್ಲಿ ಈ ಶಾಸನವಿಲ್ಲ. ಅಲ್ಲಿ ಬೇರೆ ಎರಡು ಶಾಸನಗಳಿವೆ. ಈ ಮೌನವನ್ನು ಒಬ್ಬರು ಅನುಕಂಪವೆನ್ನಬಹುದು, ಮತ್ತೊಬ್ಬರು ರಾಜನೀತಿಯೆನ್ನಬಹುದು, ಎರಡಕ್ಕೂ ಅವಕಾಶವುಂಟು. ಯುದ್ಧವೇ ನಡೆಯಲಿಲ್ಲವೆಂದು ವಾದಿಸುವವನಾದರೋ ಆ ಶಿಲೆಯನ್ನೇ ಎದುರಿಸಬೇಕಾಗುತ್ತದೆ.

ಸಿಂಹಳದ ಮಹಾವಂಸವು ಈ ಯುದ್ಧದ ಪ್ರಸ್ತಾಪವನ್ನೇ ಮಾಡದೆ, ಅಶೋಕನು ಬೌದ್ಧನಾದುದಕ್ಕೆ ನಿಗ್ರೋಧನೆಂಬ ಶ್ರಾಮಣೇರನನ್ನು ಕಾರಣವಾಗಿ ಹೇಳುತ್ತದೆ. ಆ ಗ್ರಂಥವೊಂದೇ ಉಳಿದಿದ್ದರೆ ಕಳಿಂಗದ ಸಂಕಟವು ನಮಗೆ ತಿಳಿಯುತ್ತಿರಲಿಲ್ಲ. ಆದರೂ ಅದು ನಡೆದುದು ನಡೆದುದೇ. ಗತಕಾಲವನ್ನು ತಿದ್ದುವ ಶಕ್ತಿ ಚರಿತ್ರಕಾರನಿಗಿಲ್ಲ. ಅದನ್ನು ಮರೆಯಿಸುವ ಶಕ್ತಿ ಮಾತ್ರ ಉಂಟು. ಅವನು ಪ್ರಮಾಣಗಳಿಗೆ ಅಧೀನನಾಗಿರಬೇಕೆಂಬ ನಿಯಮಕ್ಕೆ ಇದೇ ಕಾರಣವು.