ಮೇಲಿನ ಗೆರೆಯಿಂದ ಅಳೆಯುವ ಉಪಕರಣ: ಹಳೆಯ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಪಾರವನ್ನು ಓದುವ ಕ್ರಮ

ಸೋಲಾಪುರ ಜಿಲ್ಲೆಯ, ವಿಶೇಷವಾಗಿ ಅಕ್ಕಲಕೋಟೆ ತಾಲೂಕಿನ, ಕನ್ನಡ ಮಾಧ್ಯಮದ ಶಾಲೆಗಳಿಂದ ಹತ್ತನೆಯ ತರಗತಿ ಮುಗಿಸಿ ಇಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೇರುವ ವಿದ್ಯಾರ್ಥಿಗಳು ಏಕಕಾಲಕ್ಕೆ ಎರಡು ಭಾಷೆಗಳನ್ನು ಎದುರಿಸಬೇಕಾಗುತ್ತದೆ. ತರಗತಿಯಲ್ಲಿ ಮರಾಠಿ, ಉಪಕರಣದ ಮುಖದ ಮೇಲೆ ಇಂಗ್ಲಿಷ್. ಪ್ರೌಢಶಾಲೆಯಲ್ಲಿ ಧ್ವನಿ ಮತ್ತು ಆಲೇಖಗಳನ್ನು ಬೋಧಿಸುವ ಶಿಕ್ಷಕರು ಕೆಲವು ಮೂಲ ಕಲ್ಪನೆಗಳನ್ನು ಮೊದಲೇ ಗಟ್ಟಿಗೊಳಿಸಿದರೆ ಈ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಅದಕ್ಕೆ ಸ್ಪೆಕ್ಟ್ರಮ್ ಅನಲೈಸರ್ ಒಳ್ಳೆಯ ನಿದರ್ಶನ.

ಮೊದಲು ಪದಗಳ ವಿಚಾರ. ಕಂಪನದ ವಿಸ್ತಾರಕ್ಕೆ ಕನ್ನಡದಲ್ಲಿ 'ಪಾರ' ಎನ್ನುತ್ತೇವೆ. ಮರಾಠಿಯಲ್ಲಿ ಅದೇ 'ಆಯಾಮ'. ಕನ್ನಡದ ಮಗುವಿಗೆ ಆಯಾಮವೆಂದರೆ ಉದ್ದ, ಅಗಲ, ಎತ್ತರಗಳಲ್ಲಿ ಒಂದು. ಹಾಗೆಯೇ ಮರಾಠಿಯ ವಿಜ್ಞಾನದಲ್ಲಿ 'ಶಕ್ತಿ' ಎಂದರೆ ಕನ್ನಡದ 'ಸಾಮರ್ಥ್ಯ', ವ್ಯಾಟ್‌ನಲ್ಲಿ ಅಳೆಯುವಂಥದು. ಕನ್ನಡದ 'ಶಕ್ತಿ'ಗೆ ಮರಾಠಿಯಲ್ಲಿ 'ಊರ್ಜಾ'. ಅಪರಿಚಿತ ಪದ ಬಂದರೆ ವಿದ್ಯಾರ್ಥಿ ಕೇಳಿ ತಿಳಿಯುತ್ತಾನೆ. ಪರಿಚಿತ ಪದವೇ ಬೇರೆ ಅರ್ಥದಲ್ಲಿ ಬಂದರೆ ತಪ್ಪು ತಿಳಿದು ಸುಮ್ಮನಾಗುತ್ತಾನೆ. ಈ ಜೋಡಿಗಳನ್ನು ಹಲಗೆಯ ಮೇಲೆ ಬರೆದು ತೋರಿಸುವುದು ಅಗತ್ಯ.

ಉಪಕರಣದ ಪರದೆ

ಸ್ಪೆಕ್ಟ್ರಮ್ ಅನಲೈಸರ್ ಒಂದು ಸಂಕೇತದಲ್ಲಿ ಯಾವ ಯಾವ ಆವೃತ್ತಿಗಳಿವೆ, ಪ್ರತಿಯೊಂದೂ ಎಷ್ಟು ಬಲವಾಗಿದೆ ಎಂಬುದನ್ನು ತೋರಿಸುತ್ತದೆ. ಅಡ್ಡಕ್ಕೆ ಆವೃತ್ತಿ, ಉದ್ದಕ್ಕೆ ಪಾರ. ಹಳೆಯ ಮಾದರಿಗಳಲ್ಲಿ ಅಂಕಿಗಳು ಪರದೆಯ ಮೇಲೆ ತಾವಾಗಿ ಮೂಡುವುದಿಲ್ಲ. ಗಾಜಿನ ಮೇಲಿನ ಚೌಕಗಳನ್ನು ಎಣಿಸಿ, ತಿರುಗುಗುಂಡಿಗಳ ಸ್ಥಾನವನ್ನು ಸೇರಿಸಿ ಲೆಕ್ಕ ಹಾಕಬೇಕು. 1970ರ ದಶಕದಲ್ಲಿ ಬಳಕೆಯಲ್ಲಿದ್ದ ಹ್ಯೂಲೆಟ್ ಪ್ಯಾಕರ್ಡ್ 141ಟಿ ಇಂಥ ಉಪಕರಣ.

ಇಲ್ಲಿ ಶಾಲೆಯ ಅಭ್ಯಾಸವೊಂದು ತಿರುಗುಮುರುಗಾಗುತ್ತದೆ. ಆಲೇಖದ ಕಾಗದದಲ್ಲಿ ಸೊನ್ನೆ ಕೆಳಗಿರುತ್ತದೆ. ನವಿ ಪೇಠದ ಬಟ್ಟೆ ಅಂಗಡಿಯ ಮೀಟರ್ ಕೋಲೂ ಸೊನ್ನೆಯಿಂದಲೇ ಆರಂಭವಾಗುತ್ತದೆ. ಈ ಉಪಕರಣದಲ್ಲಿ ಅಳತೆಯ ಆಧಾರ ಮೇಲಿನ ಗೆರೆ. ಬಾವಿಯ ನೀರನ್ನು ಹೇಳುವಾಗ ರೈತನು ಕಟ್ಟೆಯಿಂದ ಇಷ್ಟು ಅಡಿ ಕೆಳಗಿದೆ ಎನ್ನುವಂತೆ, ಮೇಲಿನ ಗೆರೆಯಿಂದ ಎಷ್ಟು ಕೆಳಗೆ ಎಂದು ಇಲ್ಲಿ ಅಳೆಯುತ್ತಾರೆ. ಆ ಗೆರೆಯ ಬೆಲೆಯನ್ನು ನಿಗದಿಪಡಿಸುವುದೇ 'ರೆಫರೆನ್ಸ್ ಲೆವೆಲ್', ಅಂದರೆ ಆಧಾರ ಮಟ್ಟ.

ಮೇಲಿನ ಗೆರೆ −20 ಡಿಬಿಎಂ, ಒಂದು ಚೌಕಕ್ಕೆ 10 ಡೆಸಿಬೆಲ್ ಎಂದು ಇಟ್ಟಿದ್ದಾರೆನ್ನೋಣ. ಸಂಕೇತದ ತುದಿ ಮೂರೂವರೆ ಚೌಕ ಕೆಳಗಿದ್ದರೆ ಅದರ ಮಟ್ಟ −20 − 35 = −55 ಡಿಬಿಎಂ. ಒಂದು ಮಿಲಿವ್ಯಾಟ್‌ಗೆ 0 ಡಿಬಿಎಂ ಎಂದು ಹೆಸರು. ಆದ್ದರಿಂದ ಋಣ ಚಿಹ್ನೆಗೆ 'ಇಲ್ಲ' ಎಂಬ ಅರ್ಥವಿಲ್ಲ. ಮಿಲಿವ್ಯಾಟ್‌ಗಿಂತ ಕಡಿಮೆ ಎಂದಷ್ಟೇ ಅರ್ಥ.

ಡೆಸಿಬೆಲ್ ಏಕೆ?

1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ 'ಆಕಾಶವಾಣಿ'ಯ ಪ್ರೇಷಕದ ಸಾಮರ್ಥ್ಯ 30 ವ್ಯಾಟ್. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ ಪ್ರೇಷಕದ್ದು 200 ಕಿಲೊವ್ಯಾಟ್. ಮೊದಲನೆಯದನ್ನು ಒಂದು ಮಿಲಿಮೀಟರ್ ಗೆರೆಯಾಗಿ ಎಳೆದರೆ ಎರಡನೆಯದಕ್ಕೆ ಸುಮಾರು ಆರೂ ಮುಕ್ಕಾಲು ಮೀಟರ್ ಬೇಕು. ತರಗತಿಯ ಹಲಗೆ ಸಾಲದು. ಸಾಮರ್ಥ್ಯ ಹತ್ತು ಪಟ್ಟಾದಾಗಲೆಲ್ಲ ಒಂದೇ ಒಂದು ಚೌಕ ಮೇಲೇರುವಂತೆ, ಅಂದರೆ ಚೌಕಕ್ಕೆ 10 ಡೆಸಿಬೆಲ್‌ನಂತೆ ಗುರುತಿಸಿದರೆ ಇವೆರಡರ ಅಂತರ ನಾಲ್ಕು ಚೌಕಕ್ಕೂ ಕಡಿಮೆ: ಸುಮಾರು 38 ಡೆಸಿಬೆಲ್. ವಿದ್ಯಾರ್ಥಿಗಳಿಂದ ಎರಡೂ ಆಲೇಖಗಳನ್ನು ಬರೆಯಿಸಲು ಪ್ರಯತ್ನಿಸಿದರೆ ಲಘುಗಣಕದ ಪ್ರಯೋಜನ ವಿವರಣೆಯಿಲ್ಲದೆ ಮನದಟ್ಟಾಗುತ್ತದೆ.

ಈ ಮಾಪನದಲ್ಲಿ ಸೊನ್ನೆ ಸಾಮರ್ಥ್ಯಕ್ಕೆ ಸ್ಥಾನವೇ ಇಲ್ಲ. ಪರದೆಯ ತಳದಲ್ಲಿ ಹುಲ್ಲಿನಂತೆ ಅಲುಗುವ ಗೆರೆಯು ಬಹುಪಾಲು ಉಪಕರಣದ್ದೇ ಗದ್ದಲ. ಅದಕ್ಕಿಂತ ದುರ್ಬಲವಾದ ಸಂಕೇತ ಅದರಲ್ಲಿ ಮುಳುಗಿರಬಹುದು. 'ಲೀನಿಯರ್' ಎಂಬ ಸ್ಥಾನಕ್ಕೆ ಗುಂಡಿಯನ್ನು ತಿರುಗಿಸಿದಾಗ ಮಾತ್ರ ತಳದ ಗೆರೆ ಸೊನ್ನೆ ವೋಲ್ಟ್ ಆಗುತ್ತದೆ.

ಕ್ಷೀಣಕದ ಕೆಲಸ

'ಅಟೆನ್ಯುಯೇಟರ್' ಎಂಬ ಇನ್ನೊಂದು ಗುಂಡಿ ಒಳಬರುವ ಸಂಕೇತವನ್ನು ಸಾಮಾನ್ಯವಾಗಿ 10 ಡೆಸಿಬೆಲ್‌ಗಳ ಹೆಜ್ಜೆಗಳಲ್ಲಿ ಕುಗ್ಗಿಸುತ್ತದೆ. ಇದನ್ನು ಕ್ಷೀಣಕ ಎನ್ನಬಹುದು. ಒಳಗಿನ ಮಿಶ್ರಕಕ್ಕೆ ಸಂಕೇತ ಅತಿಯಾದರೆ ಹೊರಗೆ ಇಲ್ಲದ ಆವೃತ್ತಿಗಳು ಪರದೆಯ ಮೇಲೆ ಹುಟ್ಟಿಕೊಳ್ಳುತ್ತವೆ; ಇನ್ನೂ ಹೆಚ್ಚಾದರೆ ಮಿಶ್ರಕವೇ ಸುಟ್ಟುಹೋಗುತ್ತದೆ. ಆದುದರಿಂದ ಅಪರಿಚಿತ ಸಂಕೇತವನ್ನು ಜೋಡಿಸುವ ಮೊದಲು ಕ್ಷೀಣಕವನ್ನು ಗರಿಷ್ಠ ಸ್ಥಾನದಲ್ಲಿಡಬೇಕು. ಒಳದಾರಿಯ ಪಕ್ಕದಲ್ಲಿ ಮುದ್ರಿಸಿದ ಮಿತಿಯನ್ನು ಓದಬೇಕು. ಪ್ರೇಷಕವನ್ನು ಎಂದೂ ನೇರವಾಗಿ ಜೋಡಿಸಬಾರದು.

ಕಂಡದ್ದು ನಿಜವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವುದೂ ಇದೇ ಗುಂಡಿಯಿಂದ. ಕ್ಷೀಣತೆಯನ್ನು 10 ಡೆಸಿಬೆಲ್ ಹೆಚ್ಚಿಸಿ ಮಟ್ಟವನ್ನು ಮತ್ತೆ ಲೆಕ್ಕ ಹಾಕಬೇಕು. 141ಟಿಯಂಥ ಉಪಕರಣದಲ್ಲಿ ಸಂಕೇತ ಒಂದು ಚೌಕ ಇಳಿಯುತ್ತದೆ, ಮೇಲಿನ ಗೆರೆಯ ಬೆಲೆ ಅಷ್ಟೇ ಏರುತ್ತದೆ. ಹೀಗಾಗಿ ನಿಜವಾದ ಸಂಕೇತದ ಲೆಕ್ಕ ಬದಲಾಗದು. ಲೆಕ್ಕ ಹಾಕಿದ ಮಟ್ಟವೇ ಇಳಿದರೆ ಆ ತುದಿ ಉಪಕರಣದೊಳಗೆ ಹುಟ್ಟಿದ್ದು. ಕ್ಷೀಣತೆಯನ್ನು ಅತಿಯಾಗಿ ಇಟ್ಟರೂ ತೊಂದರೆಯುಂಟು: ಗದ್ದಲದ ಮಟ್ಟ ಸಂಕೇತಕ್ಕೆ ಹೋಲಿಸಿದಾಗ ಏರಿ, ದುರ್ಬಲ ಸಂಕೇತಗಳು ಮರೆಯಾಗುತ್ತವೆ.

ಹಳೆಯ ಉಪಕರಣದ ಓದನ್ನು ನಂಬುವ ಮೊದಲು ಅದರಲ್ಲಿಯೇ ಇರುವ ಪರೀಕ್ಷಾ ಸಂಕೇತದಿಂದ ಸರಿನೋಡಬೇಕು. 141ಟಿಯೊಂದಿಗೆ ಬಳಸುವ 8552ಬಿ ಘಟಕವು 30 ಮೆಗಾಹರ್ಟ್ಸ್‌ನಲ್ಲಿ −30 ಡಿಬಿಎಂ ನೀಡುತ್ತದೆ. ಆಧಾರ ಮಟ್ಟವನ್ನು −30ಕ್ಕೆ ಇಟ್ಟಾಗ ತುದಿಯು ಮೇಲಿನ ಗೆರೆಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಮೊದಲು ಹೊಂದಿಸಿಕೊಳ್ಳಬೇಕು.

ಶಾಲೆಯಲ್ಲಿ ಈ ಉಪಕರಣ ಇರಬೇಕಾಗಿಲ್ಲ. ಯಾವುದೇ ಆಲೇಖವನ್ನು ಕೊಟ್ಟಾಗ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಸಾಕು: ಅಳತೆ ಯಾವ ಗೆರೆಯಿಂದ ಆರಂಭವಾಗಿದೆ? ಒಂದು ಚೌಕಕ್ಕೆ ಎಷ್ಟು? ಕಾಣುತ್ತಿರುವುದು ವಸ್ತುವಿನದೋ, ಅಳೆಯುವ ಸಾಧನದ್ದೋ? ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ ಕಲಿತ ವಿದ್ಯಾರ್ಥಿಗೆ ಇಂಗ್ಲಿಷ್ ಅಕ್ಷರಗಳ ಗುಂಡಿಗಳು ಹೆಸರುಗಳಾಗಿ ಮಾತ್ರ ಹೊಸವಾಗಿರುತ್ತವೆ.