ಹೆಸರೇ ‘ಹೀರೋ’! ಒಳಗಿರುವುದು ಕೈಮಾ ಉಂಡೆ!

ನ್ಯೂಯಾರ್ಕಿನಲ್ಲಿ ಅಂಗಡಿ ಮುಂದೆ ನಿಂತು ‘ಒಂದು ಹೀರೋ ಕೊಡಪ್ಪಾ’ ಅಂದರೆ ಯಾರೂ ನಗುವುದಿಲ್ಲ! ಪೇಪರಿನಲ್ಲಿ ಸುತ್ತಿ, ಬಿಸಿಬಿಸಿಯಾಗಿ ಕೈಗೆ ಕೊಟ್ಟು ಕಳಿಸುತ್ತಾರೆ!

ಹೌದು ಮಿತ್ರರೇ. ಆ ಊರಿನಲ್ಲಿ ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್‌ಗೆ ‘ಹೀರೋ’ ಎಂದೇ ಹೆಸರು. ಅಮೆರಿಕದ ಬೇರೆ ಊರುಗಳಲ್ಲಿ ಸಬ್ ಅಂತಾರೆ, ಗ್ರೈಂಡರ್ ಅಂತಾರೆ. ಟೊಮೇಟೊ ಸಾಸ್‌ನಲ್ಲಿ ಬೆಂದ ಮಾಂಸದ ಉಂಡೆ ನಾಲ್ಕೈದು, ಅದರ ಮೇಲೆ ಕರಗಿ ಇಳಿಯುವ ಚೀಸ್... ಇದೇ ಮೀಟ್‌ಬಾಲ್ ಹೀರೋ. ಈ ಹೀರೋಗೆ ಕಾಲ್‌ಷೀಟ್ ಬೇಕಿಲ್ಲ. ಅರ್ಧ ಕೆ.ಜಿ. ಕೈಮಾ ಸಾಕು!

‘ಸಿನಿಮಾ ಪತ್ರಿಕೆಯಲ್ಲಿ ಅಡುಗೆ ಯಾಕೆ ಗುರುವೇ?’ ಅಂತೀರಾ? ತಾಳಿ. ಈ ಉಂಡೆ ಎಂಥೆಂಥ ಘಟಾನುಘಟಿಗಳ ಜೊತೆ ತೆರೆ ಹಂಚಿಕೊಂಡಿದೆ ಅಂತ ಕೇಳಿ, ಆಮೇಲೆ ಮಾತಾಡಿ.

ಪಿಸ್ತೂಲಿನವನ ಕೈಯಲ್ಲಿ ಸೌಟು

1972ರ ‘ದಿ ಗಾಡ್‌ಫಾದರ್’ ನೆನಪಿಸಿಕೊಳ್ಳಿ. ದೊಡ್ಡ ಯಜಮಾನನಿಗೆ ಗುಂಡೇಟು ಬಿದ್ದಿದೆ. ಮನೆ ಸುತ್ತ ಕಾವಲು. ಯಾವ ಕ್ಷಣ ಏನಾಗುತ್ತೋ ಎಂಬ ಆತಂಕ. ಆಗ ಅಡುಗೆಮನೆಯಲ್ಲಿ ಕ್ಲೆಮೆಂಜಾ ಎಂಬ ಡುಮ್ಮ ರೌಡಿ ಒಲೆ ಮುಂದೆ ನಿಂತಿದ್ದಾನೆ! ರಿಚರ್ಡ್ ಕ್ಯಾಸ್ಟೆಲಾನೊ ಮಾಡಿದ ಪಾತ್ರ. ಯಜಮಾನನ ಕಿರಿ ಮಗ ಮೈಕೆಲ್ ಆಗಿ ಅಲ್ ಪಚೀನೊ. ಅವನನ್ನು ಕರೆದು, ಮುಂದೊಂದು ದಿನ ಇಪ್ಪತ್ತು ಜನಕ್ಕೆ ಬೇಯಿಸಿ ಹಾಕಬೇಕಾಗಬಹುದು, ಕಲಿತುಕೋ ಅಂತಾನೆ. ಎಣ್ಣೆ, ಬೆಳ್ಳುಳ್ಳಿ, ಟೊಮೇಟೊ, ತಳ ಹಿಡಿಯದ ಹಾಗೆ ಕೈಯಾಡಿಸುವುದು, ಕುದಿ ಬಂದಾಗ ಸಾಸೇಜು ಮತ್ತು ಮಾಂಸದ ಉಂಡೆ, ಚೂರು ವೈನು. ಕೊನೆಗೆ ಅವನ ಗುಟ್ಟು... ಒಂದಿಷ್ಟು ಸಕ್ಕರೆ!

ಸಿನಿಮಾ ಸೋತರೂ ಜನ ಒಂದು ಸಾಸ್ ಮಾಡುವುದನ್ನಾದರೂ ಕಲಿತು ಹೋಗಲಿ ಅಂತ ಇದನ್ನು ಇಟ್ಟೆ ಎಂದು ನಿರ್ದೇಶಕ ಕೊಪ್ಪೊಲಾ ಹೇಳಿಕೊಂಡಿದ್ದಾರೆ. ಸಿನಿಮಾ ಸೋಲಲಿಲ್ಲ, ಶ್ರೇಷ್ಠ ಚಿತ್ರದ ಆಸ್ಕರ್ ಹೊಡೆಯಿತು! ಸಾಸ್ ಕೂಡ ಉಳಿಯಿತು.

ಡೈರೆಕ್ಟರ್ ತಾಯಿಯ ಕೈರುಚಿ

ನನ್ನ ಮೆಚ್ಚಿನ ಕತೆ ಮಾತ್ರ ಬೇರೆ. ಅದು ಮಾರ್ಟಿನ್ ಸ್ಕಾರ್ಸೆಸಿಯದು.

1990ರ ‘ಗುಡ್‌ಫೆಲಾಸ್’ ಚಿತ್ರದಲ್ಲಿ ಜೈಲಿನೊಳಗೇ ಭರ್ಜರಿ ಅಡುಗೆ. ಒಬ್ಬ ಬ್ಲೇಡಿನಲ್ಲಿ ಬೆಳ್ಳುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚುತ್ತಾನೆ. ಇನ್ನೊಬ್ಬ ಮುದುಕ ಸಾಸ್ ಕಾಯಿಸುತ್ತಾನೆ. ಉಂಡೆಗೆ ದನ, ಎಳೆಗರು, ಹಂದಿ ಮೂರೂ ಮಾಂಸ ಸೇರಲೇಬೇಕು ಅಂತಾನೆ. ಆ ಮುದುಕ ಯಾರು ಗೊತ್ತೆ? ಡೈರೆಕ್ಟರ್‌ ತಂದೆ ಚಾರ್ಲ್ಸ್ ಸ್ಕಾರ್ಸೆಸಿ! ಅದೇ ಚಿತ್ರದಲ್ಲಿ ಅಪರಾತ್ರಿ ಮನೆಗೆ ಬಂದ ಮಗನಿಗೂ ಅವನ ಗೆಳೆಯರಿಗೂ ಊಟ ಬಡಿಸುವ ತಾಯಿ ಯಾರು? ಡೈರೆಕ್ಟರ್‌ ತಾಯಿ ಕ್ಯಾಥರೀನ್! ಹೊರಗೆ ಕಾರಿನ ಡಿಕ್ಕಿಯಲ್ಲಿ ಒಂದು ದೇಹ ಬಿದ್ದಿದೆ. ಒಳಗೆ ಆಯಮ್ಮ ಇನ್ನೊಂಚೂರು ತಿನ್ನಿ ಎನ್ನುವ ಉಪಚಾರದಲ್ಲಿದ್ದಾರೆ. ಮೈ ಜುಮ್ಮೆನ್ನುವ ದೃಶ್ಯ!

ಇದಕ್ಕೂ ಮುಂಚೆ, 1974ರಲ್ಲೇ, ಸ್ಕಾರ್ಸೆಸಿ ಒಂದು ಸಾಕ್ಷ್ಯಚಿತ್ರ ಮಾಡಿದ್ದರು. ಹೆಸರು ‘ಇಟಾಲಿಯನ್‌ಅಮೆರಿಕನ್’. ಒಂದು ಗಂಟೆಯೂ ಇಲ್ಲದ ಚಿತ್ರ. ಆಗ ಅವರು ಮೂವತ್ತರ ಆಸುಪಾಸಿನ ಯುವಕ. ಸ್ಟಾರ್ ಇಲ್ಲ, ಫೈಟ್ ಇಲ್ಲ. ಎಲಿಜಬೆತ್ ಸ್ಟ್ರೀಟಿನ ಮನೆಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿ ಮಾತಾಡಿಸಿದರು. ಅಮ್ಮ ನಡುನಡುವೆ ಎದ್ದುಹೋಗಿ ಒಲೆ ಮೇಲಿನ ಸಾಸ್ ನೋಡಿ ಬರುತ್ತಾರೆ. ಚಿತ್ರ ಮುಗಿದು ಹೆಸರುಗಳು ಬರುವಾಗ ತೆರೆಯ ಮೇಲೆ ಏನು ಬರುತ್ತೆ ಹೇಳಿ? ಅಮ್ಮನ ಉಂಡೆ ಮತ್ತು ಸಾಸ್ ಮಾಡುವ ವಿಧಾನ!

ಅಪ್ಪ 1993ರಲ್ಲಿ ಹೋದರು. ಅಮ್ಮ 1997ರಲ್ಲಿ. ಆ ಚಿತ್ರದಲ್ಲಿ ಮಾತ್ರ ಸಾಸ್ ಇನ್ನೂ ಕುದಿಯುತ್ತಲೇ ಇದೆ.

ಹಳಸಲು ಬ್ರೆಡ್ಡಿನ ಗುಟ್ಟು

ಸ್ಕಾರ್ಸೆಸಿ ಮನೆತನ ಸಿಸಿಲಿ ದ್ವೀಪದ್ದು. 1880ರಿಂದ 1920ರವರೆಗೆ ಸುಮಾರು 40 ಲಕ್ಷ ಇಟಲಿ ಜನ ಅಮೆರಿಕಕ್ಕೆ ಹಡಗು ಹತ್ತಿದರು. ಬಹುಪಾಲು ದಕ್ಷಿಣದ ಬಡವರು. ಊರಿನಲ್ಲಿ ಅವರಿಗೆ ಮಾಂಸ ಅಂದರೆ ಹಬ್ಬ. ಇರುವ ಚೂರು ಕೈಮಾಕ್ಕೆ ಹಳೇ ಬ್ರೆಡ್ಡು ನೆನೆಸಿ ಕಲಸಿ, ಸಣ್ಣ ಸಣ್ಣ ಉಂಡೆ ಕಟ್ಟಿ, ಇಡೀ ಮನೆಗೆ ಹಂಚುತ್ತಿದ್ದರು. ಅಮೆರಿಕದಲ್ಲಿ ದುಡಿದ ಕೂಲಿಗೆ ಮಾಂಸ ಎಟುಕಿತು, ಉಂಡೆಯೂ ದಪ್ಪವಾಯಿತು. ಆದರೆ ಬ್ರೆಡ್ಡನ್ನು ಅವರು ಬಿಡಲಿಲ್ಲ. ಯಾಕೆ? ನೆನೆದ ಬ್ರೆಡ್ಡು ನೀರಂಶ ಹಿಡಿದಿಡುತ್ತೆ, ಮಾಂಸ ಬಿಗಿದುಕೊಂಡು ಕಲ್ಲಾಗದಂತೆ ನೋಡಿಕೊಳ್ಳುತ್ತೆ. ಬಡತನ ಕಲಿಸಿದ ಪಾಠ, ರುಚಿಗೇ ಆಧಾರವಾಯಿತು!

ಮಂಡ್ಯ, ಮೈಸೂರು ಕಡೆಯ ಓದುಗರು ಈಗ ಮುಗುಳ್ನಗುತ್ತಿರಬೇಕು. ನಮ್ಮ ಕೈಮಾ ಉಂಡೆ ಸಾರಿಗೆ ಹುರಿಗಡಲೆ ಪುಡಿ ಹಾಕುವುದಿಲ್ಲವೆ? ಉಂಡೆ ಒಡೆಯದಂತೆ ಹಿಡಿಯುವ ಕೆಲಸ ಅದರದು. ಸಮುದ್ರದ ಆಚೆ ಬ್ರೆಡ್ಡು, ಈಚೆ ಕಡಲೆ. ಅಷ್ಟೇ!

ಲೈಟ್ಸ್... ಕ್ಯಾಮೆರಾ... ಒಲೆ!

ಇನ್ನು ಷೂಟಿಂಗ್. ನಾಲ್ಕು ಜನಕ್ಕೆ ಲೆಕ್ಕ. ರೂಮಿನಲ್ಲಿ ಒಂದು ಗ್ಯಾಸ್ ಒಲೆ, ಒಂದು ಬಾಣಲೆ, ಒಂದು ಪಾತ್ರೆ, ಒಂದು ತವಾ ಇದ್ದರೆ ಸೆಟ್ ರೆಡಿ. ನಾನು ಮಾಡುವುದು ಕುರಿ ಕೈಮಾದಲ್ಲಿ.

ಮೊದಲ ಷಾಟ್: ನಿನ್ನೆಯ ಬ್ರೆಡ್ಡು ಎರಡು ಸ್ಲೈಸು, ಅರ್ಧ ಲೋಟ ಹಾಲಿನಲ್ಲಿ ನೆನೆಸಿ ಹಿಂಡಿ. ಅದಕ್ಕೆ ಅರ್ಧ ಕೆ.ಜಿ. ಕೈಮಾ, ಒಂದು ಮೊಟ್ಟೆ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಹೆಚ್ಚಿದ ಕೊತ್ತಂಬರಿ ಒಂದು ಹಿಡಿ, ಮೆಣಸಿನ ಪುಡಿ ಅರ್ಧ ಚಮಚ, ಉಪ್ಪು ಒಂದು ಚಮಚ. ಕೈಮಾ ಕೊಳ್ಳುವಾಗ ಚೂರು ಕೊಬ್ಬು ಸೇರಿಸಿಯೇ ಕೊಡಲು ಹೇಳಿ. ಮೆತ್ತಗೆ ಕಲಸಿ. ಚಪಾತಿ ಹಿಟ್ಟಿನ ಥರ ನಾದಿದರೆ ಉಂಡೆ ರಬ್ಬರ್ ಚೆಂಡಾಗುತ್ತೆ! ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ಇಪ್ಪತ್ತು ಉಂಡೆ.

ಎರಡನೇ ಷಾಟ್: ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಉಂಡೆಗಳನ್ನು ಸುತ್ತ ಕೆಂಪಗೆ ಹುರಿದು ತೆಗೆದಿಡಿ. ಒಳಗೆ ಬೇಯದಿದ್ದರೂ ಚಿಂತೆಯಿಲ್ಲ, ಮುಂದೆ ಬೇಯುತ್ತೆ. ಪರಿಮಳ ಹುಟ್ಟುವುದೇ ಈ ಕೆಂಪಿನಿಂದ.

ಮೂರನೇ ಷಾಟ್: ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ ಆರು ಎಸಳು. ಘಮ್ ಅಂದ ಕೂಡಲೇ ಒಂದು ಕೆ.ಜಿ. ಹಣ್ಣು ಟೊಮೇಟೊ ರುಬ್ಬಿ ಹಾಕಿ. ಉಪ್ಪು, ಚೂರು ಒಣಮೆಣಸಿನಕಾಯಿ. ಇಪ್ಪತ್ತು ನಿಮಿಷ ಕುದಿಸಿ. ನಮ್ಮ ನಾಟಿ ಟೊಮೇಟೊ ಹುಳಿ ಜಾಸ್ತಿ. ಆದ್ದರಿಂದ ಕ್ಲೆಮೆಂಜಾ ಹೇಳಿದಂತೆ ಅರ್ಧ ಚಮಚ ಸಕ್ಕರೆ! ಈಗ ಉಂಡೆಗಳನ್ನು ಇಳಿಬಿಡಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಒಂದು ಉಂಡೆ ಮುರಿದು ನೋಡಿ. ಒಳಗೆ ಕೆಂಪು ಉಳಿದಿರಬಾರದು. ಸಾಸ್ ಗಟ್ಟಿಯಾಗಿರಲಿ. ನೀರಾದರೆ ಬ್ರೆಡ್ಡು ಕೈಕೊಡುತ್ತೆ.

ನಾಲ್ಕನೇ ಷಾಟ್: ಬೇಕರಿಯ ಉದ್ದ ಬನ್ನು ನಾಲ್ಕು. ಸಿಹಿ ಬನ್ನು ಬೇಡವೇ ಬೇಡ. ಪುಸ್ತಕ ತೆರೆದಂತೆ ಸೀಳಿ, ಒಂದು ಅಂಚು ಅಂಟಿಕೊಂಡೇ ಇರಲಿ. ಒಳಮೈಗೆ ಬೆಣ್ಣೆ ಸವರಿ ತವಾ ಮೇಲೆ ಗರಿಗರಿ ಮಾಡಿ. ಆಗ ಸಾಸ್ ಬೇಗ ಒಳಗಿಳಿಯುವುದಿಲ್ಲ. ಒಂದೊಂದಕ್ಕೆ ಐದು ಉಂಡೆ. ಉರುಳಿದರೆ ಅರ್ಧ ಮಾಡಿ ಕೂರಿಸಿ. ಮೇಲೆ ಸಾಸ್, ಅದರ ಮೇಲೆ ತುರಿದ ಚೀಸ್. ತವಾ ಮೇಲಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ನಿಮಿಷ. ಚೀಸ್ ಕರಗಿತೆ? ಕಟ್! ಷಾಟ್ ಓಕೆ!

ಕ್ಲೈಮ್ಯಾಕ್ಸ್

ಊರಿಗೆ ಹೋದಾಗ ಇದನ್ನು ನಮ್ಮಮ್ಮನಿಗೆ ಮಾಡಿಕೊಟ್ಟೆ. ಒಂದು ಕಡಿತ ಕಡಿದು, ‘ಇದು ನಮ್ ಕೈಮಾ ಉಂಡೆ ಅಲ್ವೇನೋ? ಖಾರ ಮಾತ್ರ ಸಾಲ್ದು ಕಣೋ’ ಅಂದರು. ಪೂರ್ತಿ ತಿಂದರು! ‘ಹಂಗಾದ್ರೆ ನಿಮ್ಮ ಉಂಡೆಗೆ ಹುರಿಗಡಲೆ ಎಷ್ಟಮ್ಮಾ?’ ಅಂದೆ. ‘ಎಷ್ಟು ಅಂದ್ರೆ... ಕೈ ಅಂದಾಜು’ ಅಂದರು.

ಮಿತ್ರರೇ, ಈ ಕೈ ಅಂದಾಜು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅಷ್ಟು ದೊಡ್ಡ ಡೈರೆಕ್ಟರ್ ತನ್ನ ಅಮ್ಮನ ಅಳತೆಯನ್ನು ತೆರೆಯ ಮೇಲೇ ಬರೆಸಿಟ್ಟರು. ನಮ್ಮ ನಿಮ್ಮ ಜೇಬಿನಲ್ಲಿ ಈಗ ಕ್ಯಾಮೆರಾ ಇರುವ ಮೊಬೈಲಿದೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಭಾನುವಾರ ಅಮ್ಮನ ಒಲೆ ಪಕ್ಕ ನಿಂತು, ಆ ಕೈ ಎಷ್ಟು ಹಾಕುತ್ತೆ ಅಂತ ಷೂಟ್ ಮಾಡಿಕೊಂಡು ಬನ್ನಿ. ರೀಟೇಕ್ ಯಾವಾಗಲೂ ಸಿಗಲ್ಲ.

ಅಲ್ಲಿವರೆಗೆ ಈ ಭಾನುವಾರಕ್ಕೆ ನ್ಯೂಯಾರ್ಕ್ ಹೀರೋ ಇದ್ದಾನೆ. ಗೆಳೆಯರನ್ನು ಕರೆಯಿರಿ, ಬಿಸಿ ಇರುವಾಗಲೇ ತಿನ್ನಿ. ಆರಿಹೋದ ಹೀರೋನ ಯಾರೂ ಕೇಳಲ್ಲ!