ತಮಟೆಗೊಂದು ನಂಬರ್ ಬೇಕು

ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ರಸಮಂಜರಿಯ ವೇದಿಕೆಗಳು ಏಳುತ್ತವೆ. ಕೀಬೋರ್ಡಿನ ಪಕ್ಕ, ಸ್ಟ್ಯಾಂಡಿನ ಮೇಲೆ ರಬ್ಬರ್ ಚೌಕಗಳಿರುವ ಒಂದು ಪೆಟ್ಟಿಗೆ ಇರುತ್ತದೆ. ರೋಲ್ಯಾಂಡ್ ಕಂಪನಿ 1985ರಲ್ಲಿ ತಂದ ಆಕ್ಟಪ್ಯಾಡ್‌ನ ವಂಶದ್ದು ಅದು. ವಾದ್ಯಗೋಷ್ಠಿಯವರ ಬಾಯಲ್ಲಿ ಬರೀ ‘ಪ್ಯಾಡ್’. ತಬಲ, ಢೋಲಕ್, ಡ್ರಮ್ಸ್, ತಮಟೆ ಎಲ್ಲವೂ ಆ ಚೌಕಗಳಿಂದಲೇ ಹೊರಡಬೇಕು. ಹೀಗೆ ಪ್ಯಾಡ್ ಬಾರಿಸಿ ಕೈ ಪಳಗಿದ ಹುಡುಗರು ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಭಕ್ತಿಗೀತೆಗೆ, ಜನಪದ ಹಾಡಿಗೆ, ಕಿರುಚಿತ್ರಕ್ಕೆ ಟ್ರ್ಯಾಕ್ ಮಾಡಿಕೊಡುವ ಕಾಲ ಇದು. ವೇದಿಕೆಯ ಮೇಲೆ ಕಾಣದಿದ್ದ ತಲೆನೋವೊಂದು ಆ ಕೋಣೆಯಲ್ಲಿ ಕಾದಿರುತ್ತದೆ.

ಒಂದು ಡ್ರಮ್ ಕಿಟ್ ಹಾಕಿಕೊಂಡು ಗಂಟೆಗಟ್ಟಲೆ ಕೂತು ರಿದಮ್ ನುಡಿಸಿರುತ್ತಾರೆ. ಹಾಡಿಗೆ ಇದು ಹೊಂದಲಿಲ್ಲ ಎಂದು ಕಿಟ್ ಬದಲಿಸಿದರೆ, ಸ್ನೇರ್ ಬೀಳಬೇಕಾದಲ್ಲಿ ಚಪ್ಪಾಳೆ ಬೀಳುತ್ತದೆ, ಹೈ-ಹ್ಯಾಟ್ ಇದ್ದಲ್ಲಿ ಕೌಬೆಲ್ ಕಿಣಿಗುಟ್ಟುತ್ತದೆ, ಕೆಲವು ಪೆಟ್ಟುಗಳಿಗೆ ಸದ್ದೇ ಇರುವುದಿಲ್ಲ. ಲಯ ಕೆಟ್ಟಿಲ್ಲ, ಒಂದು ಮಾತ್ರೆಯೂ ಆಚೀಚೆ ಆಗಿಲ್ಲ. ನಾದ ಮಾತ್ರ ಅದಲುಬದಲಾಗಿದೆ. ಬೆಂಗಳೂರಿನ ಸ್ಟುಡಿಯೋಗೆ ಫೈಲ್ ಕಳಿಸಿದಾಗಲೂ ಇದೇ ಕಥೆ. ಅಲ್ಲಿನವರು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದು, ನುಡಿಸಿದವನಿಗೇ ಕೆಲಸ ಬರುವುದಿಲ್ಲವೇನೋ ಎಂದುಕೊಳ್ಳುತ್ತಾರೆ. ಸಣ್ಣ ಊರಿನಿಂದ ಬಂದ ಫೈಲ್ ಎಂದರೆ ಈ ಅನುಮಾನ ಇನ್ನೂ ಬೇಗ ಹುಟ್ಟುತ್ತದೆ. ಆದ್ದರಿಂದ ತಪ್ಪು ಎಲ್ಲಿದೆ ಎಂದು ತಿಳಿದಿರುವುದು ಒಳ್ಳೆಯದು.

ಕೀಬೋರ್ಡು, ಪ್ಯಾಡು, ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡಲೆಂದು 1983ರಲ್ಲಿ ಬಳಕೆಗೆ ಬಂದ ಭಾಷೆ ಮಿಡಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಅದರ ಹಿಂದಿನ ಮುಖ್ಯ ಹೆಸರುಗಳು. ಮಿಡಿಯೊಳಗೆ ಶಬ್ದವಿಲ್ಲ. ಯಾವ ನಂಬರ್, ಯಾವ ಕ್ಷಣ, ಎಷ್ಟು ಬಲ ಎಂಬುದಷ್ಟೇ ಇರುತ್ತದೆ. ನಂಬರ್ 0ಯಿಂದ 127ರವರೆಗೆ. ಕೀಬೋರ್ಡಿಗೆ 60 ಎಂದರೆ ನಡುವಿನ ಸ್ವರ, ಅದರಲ್ಲಿ ಗೊಂದಲವಿಲ್ಲ. ಡ್ರಮ್‌ಗೆ ಬಂದರೆ ಈ ನಂಬರ್ ಬರೀ ಮನೆ ನಂಬರ್. ಒಳಗೆ ಯಾರಿದ್ದಾರೆ ಎಂಬುದನ್ನು ನಿರ್ಧರಿಸುವುದು ಕಿಟ್ ಮಾಡಿದವರು.

ಈ ಗೊಂದಲ ಬೇಡವೆಂದೇ 1991ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದ ಬಂತು. ತಾಳವಾದ್ಯಕ್ಕೆ ಹತ್ತನೆಯ ಚಾನೆಲ್. 36 ಎಂದರೆ ಕಿಕ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್, 46 ತೆರೆದ ಹೈ-ಹ್ಯಾಟ್, 49 ಕ್ರ್ಯಾಶ್. 35ರಿಂದ 81ರವರೆಗೆ ಒಟ್ಟು 47 ನಾದಗಳು. ಅಂದಿನ ಕೀಬೋರ್ಡುಗಳಿಗೆ ಅಷ್ಟು ಸಾಕಿತ್ತು. ಇಂದಿನ ಕಿಟ್‌ಗಳಲ್ಲಿ ಹೈ-ಹ್ಯಾಟ್ ಒಂದಕ್ಕೇ ಅಂಚಿನ ಪೆಟ್ಟು, ತುದಿಯ ಪೆಟ್ಟು, ಕಾಲು, ಅರೆಬರೆ ತೆರೆದದ್ದು ಎಂದು ಹತ್ತಾರು ಬಗೆಗಳಿವೆ. ಅವುಗಳಿಗೆ ಜಾಗ ಹುಡುಕುವಾಗ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ರೋಲ್ಯಾಂಡ್‌ನ ವಿ-ಡ್ರಮ್ಸ್ ಹೈ-ಹ್ಯಾಟಿನ ಅಂಚಿಗೆ 22, 26 ಎಂಬ ನಂಬರ್ ಕಳಿಸುತ್ತದೆ. ಜನರಲ್ ಮಿಡಿಯ ಪಟ್ಟಿಯಲ್ಲಿ ಅಲ್ಲಿ ಏನೂ ಇಲ್ಲ. ಆಕೈ ಎಂಪಿಸಿಯ ಹಳೆಯ ಕ್ರಮದಲ್ಲಿ ಮೊದಲ ನಾಲ್ಕು ಪ್ಯಾಡುಗಳು 37, 36, 42, 82. ಸಾಲದ್ದಕ್ಕೆ ಸ್ವರದ ಹೆಸರೂ ಒಂದೇ ಇಲ್ಲ. 60ನ್ನು ಯಮಾಹಾ ‘ಸಿ3’ ಎಂದರೆ ರೋಲ್ಯಾಂಡ್ ‘ಸಿ4’ ಎನ್ನುತ್ತದೆ, ಎಫ್‌ಎಲ್ ಸ್ಟುಡಿಯೋ ‘ಸಿ5’ ಎನ್ನುತ್ತದೆ. ‘ಕಿಕ್ ಸಿ1ರಲ್ಲಿದೆ’ ಎಂದು ಫೋನಿನಲ್ಲಿ ಹೇಳಿದರೆ ಕೇಳುವವನು ಬೇರೆಲ್ಲೋ ಹುಡುಕುತ್ತಾನೆ. ಅದಕ್ಕೇ ನನ್ನ ಮೊದಲ ಮಾತು: ಸ್ವರದ ಹೆಸರು ಬಿಟ್ಟು ನಂಬರಿನಲ್ಲೇ ಮಾತಾಡಿ.

ಎರಡನೆಯದು, ಮೂಲ ಟ್ರ್ಯಾಕಿಗೆ ಕೈ ಹಚ್ಚಬೇಡಿ. ಕಿಟ್ ಬದಲಿಸಿದಾಗಲೆಲ್ಲ ನೋಟುಗಳನ್ನು ಕೈಯಿಂದ ಮೇಲೆ ಕೆಳಗೆ ಎಳೆದು ಸರಿಮಾಡುವವರು ಬಹಳ. 22ನ್ನೂ 42ನ್ನೂ ಒಂದೇ 42ಕ್ಕೆ ತಂದು ಸೇರಿಸಿದರೆ ಯಾವುದು ಅಂಚಿನದು, ಯಾವುದು ತುದಿಯದು ಎಂಬ ಮಾಹಿತಿ ಅಲ್ಲಿಗೇ ಹೋಯಿತು. ನಾಳೆ ಒಳ್ಳೆಯ ಕಿಟ್ ಸಿಕ್ಕರೂ ಆ ಸೂಕ್ಷ್ಮ ವಾಪಸ್ ಬರುವುದಿಲ್ಲ. ಇನ್ನೊಂದು ಅಪಾಯ ಅದಲುಬದಲು ಮಾಡುವಾಗಿನದು. 38 ಮತ್ತು 40ನ್ನು ಪರಸ್ಪರ ಬದಲಿಸಬೇಕೆನ್ನಿ. ಮೊದಲು 38ನ್ನೆಲ್ಲ 40 ಮಾಡಿ, ಆಮೇಲೆ 40ನ್ನೆಲ್ಲ 38 ಮಾಡಿದರೆ ಎಲ್ಲವೂ 38 ಆಗಿ ಕೂತಿರುತ್ತದೆ. ನಡುವೆ ಖಾಲಿ ಇರುವ ಒಂದು ನಂಬರಿಗೆ, ಹೇಳಿ 120ಕ್ಕೆ, ಒಂದನ್ನು ಸರಿಸಿಟ್ಟು ಬದಲಿಸಬೇಕು.

ನೆಟ್ಟಗಿನ ದಾರಿ ಎಂದರೆ ಟ್ರ್ಯಾಕಿಗೂ ಕಿಟ್‌ಗೂ ನಡುವೆ ಒಂದು ಮ್ಯಾಪ್ ಕೂರಿಸುವುದು. ಕ್ಯೂಬೇಸ್‌ನ ಡ್ರಮ್ ಮ್ಯಾಪಿನಲ್ಲಿ ಒಳಬರುವ ನಂಬರಿಗೊಂದು ಕಾಲಂ, ಹೊರಹೋಗುವ ನಂಬರಿಗೊಂದು ಕಾಲಂ, ಪಕ್ಕದಲ್ಲಿ ನಾದದ ಹೆಸರು. ರೀಪರ್‌ನಲ್ಲಿ ನೋಟು ಬದಲಿಸುವ ಸಣ್ಣ ಪ್ಲಗಿನ್‌ಗಳಿವೆ. ಸುಪೀರಿಯರ್ ಡ್ರಮ್ಮರ್‌ನಂಥ ದೊಡ್ಡ ಕಿಟ್‌ಗಳು ಎಲೆಕ್ಟ್ರಾನಿಕ್ ಡ್ರಮ್‌ಗಳಿಗೆಂದು ತಾವೇ ಮ್ಯಾಪ್ ಇಟ್ಟಿರುತ್ತವೆ. ನಿಮ್ಮದೇ ಒಂದು ಕ್ರಮವನ್ನು, ಬಹುಮಟ್ಟಿಗೆ ಜನರಲ್ ಮಿಡಿಯನ್ನೇ, ಮನೆಯ ಕ್ರಮವೆಂದು ಇಟ್ಟುಕೊಳ್ಳಿ. ಯಾವಾಗಲೂ ಅದರಲ್ಲೇ ನುಡಿಸಿ. ಹೊಸ ಕಿಟ್ ಕೊಂಡ ದಿನವೇ ಕೂತು ಆ ಕಿಟ್‌ಗೊಂದು ಮ್ಯಾಪ್ ಮಾಡಿ ಉಳಿಸಿಬಿಡಿ. ಮಾಡುವಾಗ ಹೈ-ಹ್ಯಾಟಿನ ಮೇಲೆ ವಿಶೇಷ ಗಮನವಿರಲಿ: ಮುಚ್ಚಿದ ಪೆಟ್ಟು ಬಿದ್ದೊಡನೆ ತೆರೆದ ಪೆಟ್ಟಿನ ನಾದ ನಿಲ್ಲುವಂತೆ ಬಹುತೇಕ ಕಿಟ್‌ಗಳಲ್ಲಿ ಜೋಡಣೆ ಇರುತ್ತದೆ, ನಂಬರ್ ತಪ್ಪಿದರೆ ಆ ಜೋಡಣೆ ಕಳಚಿ ಹಾಡಿನುದ್ದಕ್ಕೂ ಕಂಚಿನ ಸದ್ದು ಹರಡಿಕೊಳ್ಳುತ್ತದೆ. ಸ್ಟುಡಿಯೋಗೆ ಕಳಿಸುವಾಗ ಮಿಡಿ ಫೈಲಿನ ಜೊತೆ ಕಿಕ್, ಸ್ನೇರ್ ಬೇರೆಬೇರೆಯಾದ ಆಡಿಯೋವನ್ನೂ, ನಂಬರಿನ ಪಟ್ಟಿಯನ್ನೂ ಇಟ್ಟು ಕಳಿಸಿದರೆ ಯಾರ ಕೆಲಸದ ಮೇಲೂ ಅನುಮಾನ ಬರುವುದಿಲ್ಲ.

ಇಷ್ಟು ಮಾಡಿದರೂ ನಮ್ಮ ಕಡೆಯವರಿಗೆ ಒಂದು ತೊಡಕು ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತಿದ್ದು ಅದೇ. ಜನರಲ್ ಮಿಡಿಯ 47 ನಾದಗಳಲ್ಲಿ ಬೊಂಗೊ ಇದೆ, ಕೊಂಗಾ ಇದೆ, ಟಿಂಬಾಲೆ, ಮರಾಕಾ, ಬ್ರೆಜಿಲ್‌ನ ಕ್ವೀಕಾ ಕೂಡ ಇದೆ. ತಬಲ ಇಲ್ಲ, ಮೃದಂಗ ಇಲ್ಲ, ಡೊಳ್ಳಿಲ್ಲ, ತಮಟೆ ಇಲ್ಲ. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ತಮಟೆಯನ್ನು ಒಂದು ಜಾತಿಯ ಹೆಗಲಿಗೆ ಕಟ್ಟಿ, ಮುಂದೆ ನಡೆಸಿಕೊಂಡು ಹೋಗಿ, ಊಟಕ್ಕೆ ಮಾತ್ರ ದೂರ ಕೂರಿಸಿದ ಚರಿತ್ರೆ ನಮ್ಮದು. ಆ ವಾದ್ಯಕ್ಕೆ ದೇಶದ ಗೌರವ ಸಿಕ್ಕಿದ ಮೇಲೂ ಕಂಪ್ಯೂಟರಿನೊಳಗೆ ಅದಕ್ಕೊಂದು ಸ್ವಂತ ಮನೆಯಿಲ್ಲ. ಸ್ಯಾಂಪಲ್ ಮಾಡಿ ಮಾರುವವರು ತಮಗೆ ತೋಚಿದ ನಂಬರಿನಲ್ಲಿ ಅದನ್ನು ಇಡುತ್ತಾರೆ. ಒಬ್ಬರ ಪ್ಯಾಕಿಗೆಂದು ನುಡಿಸಿದ್ದನ್ನು ಇನ್ನೊಬ್ಬರ ಪ್ಯಾಕಿಗೆ ಹಾಕಿದರೆ ತಮಟೆಯ ನಡುವಿನ ಪೆಟ್ಟು ಅಂಚಿಗೆ ಹೋಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಬೇಸತ್ತವರು 65, 66ರ ಟಿಂಬಾಲೆಯನ್ನೇ ತಮಟೆ ಎಂದು ಒಪ್ಪಿಕೊಂಡುಬಿಡುತ್ತಾರೆ. ಮಹಾಶಿವರಾತ್ರಿಯ ಹೊತ್ತಿಗೆ ನಂದಿಯಲ್ಲಿ ಭೋಗನಂದೀಶ್ವರನ ತೇರು ಎಳೆಯುವಾಗ ಬೀಳುವ ಪೆಟ್ಟನ್ನು ಕೇಳಿ ಬೆಳೆದ ಕಿವಿಗೆ ಅದು ತಮಟೆಯಲ್ಲ ಎಂದು ಎರಡೇ ಆವರ್ತಕ್ಕೆ ತಿಳಿಯುತ್ತದೆ.

ತಮಟೆಯ ಎರಡು ಕೈ ಎರಡು ಬಗೆ. ಒಂದರಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ತೆಳುವಾದ ಉದ್ದ ಕಡ್ಡಿ. ನುಡಿಸುವ ಮೊದಲು ಬೆಂಕಿಗೆ ಹಿಡಿದು ಚರ್ಮ ಬಿಗಿಮಾಡುತ್ತಾರೆ. ಬಿಸಿ ಇಳಿದಂತೆ ನಾದವೂ ಇಳಿಯುತ್ತದೆ, ಮತ್ತೆ ಕಾಯಿಸುತ್ತಾರೆ. ಅಂದರೆ ಒಂದೇ ಪೆಟ್ಟಿಗೆ ಕಾದ ನಾದ, ಆರಿದ ನಾದ ಎಂದು ಕನಿಷ್ಠ ಎರಡು ರೂಪ. ಕೋಲು, ಕಡ್ಡಿ, ನಡು, ಅಂಚು, ಕೈಯಿಂದ ಅದುಮಿ ನಿಲ್ಲಿಸಿದ್ದು, ಬಿಟ್ಟದ್ದು ಎಲ್ಲವನ್ನೂ ಲೆಕ್ಕ ಹಿಡಿದರೆ ಒಂದು ತಮಟೆಗೆ ಹತ್ತಿಪ್ಪತ್ತು ನಂಬರ್ ಬೇಕಾಗುತ್ತದೆ.

ಅಷ್ಟು ಜಾಗ ಇದೆ. 1999ರಲ್ಲಿ ಬಂದ ಜನರಲ್ ಮಿಡಿ 2 ತನ್ನ ಪ್ರಮುಖ ಡ್ರಮ್ ಪಟ್ಟಿಯನ್ನು 27ರಿಂದ 87ರವರೆಗೆ ಹಿಗ್ಗಿಸಿ ನಿಲ್ಲಿಸಿತು. 88ರಿಂದ 127ರವರೆಗಿನ ನಲವತ್ತು ನಂಬರುಗಳು ಆ ಎರಡೂ ಪಟ್ಟಿಗಳ ಹೊರಗಿವೆ. ಕೆಲವು ಕಿಟ್‌ಗಳು ಅಲ್ಲಿ ತಮ್ಮದೇನಾದರೂ ಇಟ್ಟಿರುತ್ತವೆ, ಆದರೆ ಮ್ಯಾಪ್ ಇರುವಾಗ ಅದು ದೊಡ್ಡ ಅಡ್ಡಿಯಲ್ಲ. ತಮಟೆಗೆ 88ರಿಂದ, ಡೊಳ್ಳಿಗೆ ಅದರ ಮುಂದಿನಿಂದ ಎಂದು ಒಂದು ಪಟ್ಟಿ ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟರೆ, ಸ್ಯಾಂಪಲ್ ಮಾಡುವವರಿಗೂ ಟ್ರ್ಯಾಕ್ ಮಾಡುವವರಿಗೂ ಹಿಡಿದುಕೊಳ್ಳಲು ಒಂದು ಕ್ರಮ ಸಿಗುತ್ತದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ ಜಾನಪದ ಅಕಾಡೆಮಿಯಿದೆ. ಈ ಕೆಲಸ ಅವರ ಅಳವಿನೊಳಗಿನದೇ. ಆದರೆ ಪಟ್ಟಿ ಬರೆಯುವ ಕೋಣೆಯಲ್ಲಿ ಮೊದಲ ಕುರ್ಚಿ ತಮಟೆ ಕಲಾವಿದರಿಗೆ ಇರಬೇಕು. ಯಾವ ಪೆಟ್ಟು ಬೇರೆ, ಯಾವುದು ಅದರದೇ ಇನ್ನೊಂದು ರೂಪ ಎಂದು ಹೇಳಬಲ್ಲವರು ಅವರೇ. ಪೆಟ್ಟುಗಳಿಗೆ ಅವರು ಕರೆಯುವ ಹೆಸರೇ ಮ್ಯಾಪಿನಲ್ಲೂ ಇರಲಿ. ರೆಕಾರ್ಡಿಂಗ್‌ಗೆ ಕೂತ ದಿನಗಳಿಗೆ ಸರಿಯಾದ ಸಂಭಾವನೆ, ಆ ಸ್ಯಾಂಪಲ್ ಹೋದಲ್ಲೆಲ್ಲ ನುಡಿಸಿದವರ ಹೆಸರು, ಎರಡನ್ನೂ ಮೊದಲೇ ಕಾಗದದ ಮೇಲೆ ಬರೆದು ಸಹಿ ಹಾಕಿಕೊಡಬೇಕು.